ಹಾಸಿಗೆ ಇದ್ದಷ್ಟು

ಆ್ಯಪ್ ಕೇಳಿತು: ನಿಮ್ಮ ಮನೆಯಲ್ಲಿ ಕೋಣೆಗಳೆಷ್ಟು?

ಮುಹರ್ರಕ್ಕಿನ ಹಳೇ ಓಣಿ, ಮೂರನೇ ಮಹಡಿ,
ಒಂದು ಕೋಣೆ, ಎಂಟು ಮಂಚ,
ಕೆಳಗೆ ನಾಲ್ಕು, ಅವುಗಳ ಬೆನ್ನೇರಿ ನಾಲ್ಕು.
ಎ.ಸಿ. ಸೋರುವ ಮೂಲೆಯದು ನನ್ನದು,
ತಿಂಗಳಿಗೆ ಇಪ್ಪತ್ತೆರಡು ದಿನಾರ್.
ಇಷ್ಟೆಲ್ಲ ಬರೆಯಲು ಅಲ್ಲಿ ಜಾಗವಿರಲಿಲ್ಲ.
ಒಂದು, ಎಂದು ಒತ್ತಿದೆ.

ಅತಿಥಿ ಮಲಗುವುದೆಲ್ಲಿ?
ಸೋಫಾ, ಬೇರೆ ಹಾಸಿಗೆ, ಹಂಚಿಕೊಂಡ ಹಾಸಿಗೆ?
ಹಂಚಿಕೊಂಡದ್ದೇ.
ಜಾಗವನ್ನಲ್ಲ, ಹೊತ್ತನ್ನು.
ರಾತ್ರಿ ಹತ್ತಕ್ಕೆ ನಾನು ಬೇಕರಿಯ ಒಲೆಗೆ ಹೋಗುತ್ತೇನೆ.
ಗುಳೇದಗುಡ್ಡದಲ್ಲಿ ರೊಟ್ಟಿ ಬಡಿಯುವುದು ನೆಲಕ್ಕೆ ಕೂತು,
ಇಲ್ಲಿ ಉರಿಯ ಬಾಯೊಳಗೆ ಕೈಹಾಕಿ
ಗೋಡೆಗೆ ಹೊಡೆಯಬೇಕು.
ಬೆಳಗಿನ ಎಂಟರ ತನಕ ನನ್ನ ಹಾಸಿಗೆ
ಖಾಲಿ ಬಿದ್ದಿರುತ್ತದೆ,
ಬಾಡಿಗೆ ಮಾತ್ರ ಅದರ ಮೇಲೆ ಗೊರಕೆ ಹೊಡೆಯುತ್ತಿರುತ್ತದೆ.

ಬಂದವನು ಲೌತಾರೊ. ಚಿಲಿ ದೇಶದವ.
ಸೇತುವೆಯ ಮೇಲೆ ಸೈಕಲ್ಲಿಗೆ ಬಿಡಲಿಲ್ಲವೆಂದು
ಅದನ್ನು ಈರುಳ್ಳಿ ಲಾರಿಯಲ್ಲಿ ಮಲಗಿಸಿ ತಂದಿದ್ದ.
ಆರಡಿ ನಾಲ್ಕಂಗುಲ.
ಬಾಗಿಲಲ್ಲಿ ಚಪ್ಪಲಿಯ ರಾಶಿ ನೋಡಿ
ಒಳಗೆ ಮದುವೆಯೋ ಎಂದು ಕೈಸನ್ನೆಯಲ್ಲಿ ಕೇಳಿದ.
ಇಲ್ಲೋ ತಮ್ಮಾ, ಮನಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಅವನ ಕಾಲಿಗೆ ನಮ್ಮ ಗಾದೆ ಗೊತ್ತಿರಲಿಲ್ಲ.
ಪಾದಗಳೆರಡೂ ಮಂಚದಾಚೆ ಗಾಳಿಯಲ್ಲಿ.
ಉಳ್ಳಾಲದ ಮೊಯ್ದೀನಬ್ಬ ಎದ್ದ,
ಮೂರು ವರ್ಷದಿಂದ ಊರಿಗೆಂದು ತುಂಬುತ್ತಿರುವ ಟ್ರಂಕನ್ನು
(ಟಾರ್ಚು, ಅತ್ತರು, ಬಾದಾಮಿ, ಮಗಳಿಗೆ ಈಗ ಚಿಕ್ಕದಾಗಿರುವ ಅಂಗಿ)
ದರದರ ಎಳೆದು ಕಾಲ್ದೆಸೆಗೆ ತಂದ,
ಮೇಲೊಂದು ಲುಂಗಿ ಮಡಿಸಿಟ್ಟ.
ಈಗ ಚಾಚು, ಅಂದ.

ಐದು ದಿನ ನಮ್ಮ ಭೇಟಿ ಮೆಟ್ಟಿಲ ಮೇಲೆ.
ನಾನು ಹತ್ತುವಾಗ ಅವನು ಇಳಿಯುತ್ತಿದ್ದ.
ಪೇಪರಿನಲ್ಲಿ ಸುತ್ತಿದ ಎರಡು ಖುಬ್ಬೂಸು ಅವನ ಕೈಗೆ,
ಅವನು ಬಿಟ್ಟುಬಂದ ಬೆಚ್ಚನೆ ಹಾಸಿಗೆ ನನ್ನ ಬೆನ್ನಿಗೆ.
ಬಿಸಿಗೆ ಬಿಸಿ. ಲೆಕ್ಕ ಚುಕ್ತಾ.
ತಲೆದಿಂಬಿಗೆ ಚೈನಿನ ಎಣ್ಣೆ ವಾಸನೆ ಹತ್ತಿತ್ತು.
ನನ್ನ ಹಿಟ್ಟು ಅವನ ಗಡ್ಡಕ್ಕೂ ಹತ್ತಿರಬೇಕು.

ಆರನೆಯ ದಿನ ಶುಕ್ರವಾರ. ನನಗೆ ರಜೆ.
ಒಂದೇ ರಾತ್ರಿ, ಒಂದೇ ಹಾಸಿಗೆ, ಇಬ್ಬರು.
ಇದನ್ನು ಆ್ಯಪ್ ಕೇಳಿರಲಿಲ್ಲ.
ಲೌತಾರೊ ತಾನೇ ಗಂಟು ಕಟ್ಟತೊಡಗಿದ.
ನಾನು ಬ್ಯಾಡ ಅಂದೆ, ಅವನು ನಕ್ಕು ಕಟ್ಟಿದ.
ದಿಲ್ ಬಹಾದುರ್ ಮಾತಾಡಲಿಲ್ಲ,
ಕೆಳಗಿಳಿದು ಹೋಗಿ
ಸೈಕಲ್ಲಿನ ಎರಡೂ ಗಾಲಿಯ ಗಾಳಿ ಬಿಟ್ಟು ಬಂದ.

ಚಾಪೆ ಹೊತ್ತು ಎಲ್ಲರೂ ತಾರಸಿಗೆ.
ನೀರಿನ ಟ್ಯಾಂಕಿಗೆ ಒರಗಿ ಒಬ್ಬ, ಡಿಶ್ಶಿನ ಕೆಳಗೊಬ್ಬ.
ಅಕ್ಟೋಬರಿನ ಗಾಳಿ, ಒದ್ದೆ ಅರಿವೆಯ ಹಾಗೆ.
ಇಲ್ಲಿ ವಿಮಾನ ಎಷ್ಟು ಕೆಳಗೆ ಹಾರುತ್ತದೆಂದರೆ
ಹೊಟ್ಟೆಯ ದೀಪ ಎಣಿಸಬಹುದು.
ಹನ್ನೊಂದೂವರೆಯದು ಕೋಳಿಕ್ಕೋಡು, ಅಂದ ಶಿನೋಜ್.
ಅದು ನನ್ನದು, ಕಾಠ್ಮಂಡು, ದಿಲ್ ಬಹಾದುರ್ ಕೂಗಿದ.
ಮಂಗಳೂರಿನದು ತಡ, ಎಂದಿನಂತೆ.
ನಿನ್ನದು ಯಾವುದು?
ಲೌತಾರೊ ಬಹಳ ಹೊತ್ತು ಆಕಾಶ ನೋಡಿದ,
ಬೆರಳಿಂದ ಇಲ್ಲ ಎಂದ.
ಇಲ್ಲಿಂದ ಒಂದೂ ಅತ್ತ ಹೋಗುವುದಿಲ್ಲವಂತೆ.

ಪಾಪ, ಅಂದಿತು ಇಡೀ ತಾರಸಿ.
ಪಾಸ್‌ಪೋರ್ಟು ಅರಬಾಬನ ಕಪಾಟಿನಲ್ಲಿರುವ ಎಂಟು ಜನ
ಅದನ್ನು ಸೊಂಟದಲ್ಲೇ ಕಟ್ಟಿಕೊಂಡು ತಿರುಗುವವನ ಮೇಲೆ
ಅಂದು ಮನಸಾರೆ ಮರುಗಿದೆವು.
ಸೆಲ್ವಮಣಿ ತನ್ನ ಪಾಲಿನ ಮೊಟ್ಟೆಯನ್ನೂ ಅವನಿಗೇ ಬಡಿಸಿದ.

ಬೆಳಿಗ್ಗೆ ಪಂಪು ಹೊಡೆದುಕೊಟ್ಟವನೂ ದಿಲ್ ಬಹಾದುರನೇ.

ತಿಂಗಳಾದ ಮೇಲೆ ಅವನು ಬರೆದದ್ದನ್ನು
ಶಿನೋಜ್ ಬಿಡಿಸಿ ಓದಿದ:
ಹೊಳೆಬಸು ಒಳ್ಳೆಯವನು. ಮನೆ ದೊಡ್ಡದು.
ದೊಡ್ಡದಂತೋ!
ಮೇಲಿನ ಮಂಚದವನು ನಗುವಾಗ
ಕೆಳಗಿನವನ ಮಂಚವೂ ಕುಲುಕಿತು.

ಟ್ರಂಕು ಇನ್ನೂ ನನ್ನ ಕಾಲ್ದೆಸೆಯಲ್ಲೇ ಇದೆ.
ಮೊಯ್ದೀನಬ್ಬ ಒಯ್ಯಲಿಲ್ಲ, ನಾನು ಕೇಳಲಿಲ್ಲ.
ಐದಡಿ ಮೂರಂಗುಲ ನಾನು,
ಎಷ್ಟು ಚಾಚಿದರೂ ನನ್ನ ಕಾಲು
ಅಲ್ಲಿಗೆ ಮುಟ್ಟುವುದಿಲ್ಲ.