ಎನ್‌ಎಲ್ ಸೊನ್ನೆ ಏಳು

ನಮ್ಮ ಬಸ್ಸು ಮೈ ಕಟ್ಟಿಕೊಂಡದ್ದು ಆಟೋ ಕಾಂಪ್ಲೆಕ್ಸಿನ ಶೆಡ್ಡಿನಲ್ಲಿ,
ಬೆಸುಗೆಯ ಕಿಡಿ ಹಾರುವಾಗ ನಾನೇ ನಿಂತು ನೋಡಿದ್ದೆ.
ಕಾಗದದಲ್ಲಿ ಮಾತ್ರ ಅದರ ತವರು ದಿಮಾಪುರ.

ಹಾಲೇಶಪ್ಪನವರ ವಾಸವೂ ಅಲ್ಲೇ, ಕಾಗದದಲ್ಲಿ:
ಯಾರದೋ ಅಂಗಡಿ ಹಿಂದೊಂದು ಕೋಣೆ,
ಬಾಡಿಗೆ ಕರಾರು, ಎರಡು ಸಾಕ್ಷಿ.
ಕೋಣೆಗೆ ಕಿಟಕಿ ಇದೆಯೋ ಇಲ್ಲವೋ ಅವರಿಗೂ ಗೊತ್ತಿಲ್ಲ.
ಬೆಳಗಾದರೆ ದುರ್ಗಿಗುಡಿಯಲ್ಲಿ ಇಡ್ಲಿಗೆ ಕೂತಿರುತ್ತಾರೆ.
"ಸೀಟಿಗಿಷ್ಟು ಅಂತ ಟ್ಯಾಕ್ಸ್ ಕೀಳ್ತಾರೆ ಕಣೋ ಇಲ್ಲಿ.
ಅಲ್ಲಿ ಕಟ್ಟು, ಇಲ್ಲಿ ಓಡ್ಸು,"
ಅಂದವರೇ ಇನ್ನೊಂದು ಸೌಟು ಚಟ್ನಿ ಹಾಕಿಸಿಕೊಂಡರು.

ಓಡಿಸಿದೆ.

ಮೊನ್ನೆ ಬಿ.ಎಚ್. ರಸ್ತೆಯಲ್ಲಿ ಪಾರ್ಸೆಲ್ ಹೇರುವಾಗ
ಮೊಮೊ ಗಾಡಿಯ ಹುಡುಗ ಸೆಂಟಿ, ಕೈತುಂಬ ಮೈದಾ,
ಹಾರನ್ನುಗಳ ನಡುವೆ ನುಗ್ಗಿ ಓಡಿ ಬಂದ.
ನನ್ನನ್ನಲ್ಲ, ನಂಬರ್ ಪ್ಲೇಟನ್ನು ನೋಡುತ್ತ ನಿಂತ.
ಅರೆಬರೆ ಕನ್ನಡದಲ್ಲಿ ಒಂದೇ ಉಸಿರಿಗೆ:
"ಯಾವಾಗ ಬಂದ್ರಿ? ದಾರಿ ಎಷ್ಟು ದಿನ?
ಸ್ಟೇಷನ್ ಹತ್ರ ಮಳೆ ನೀರು ಇನ್ನೂ ನಿಲ್ತದಾ?"
ಎಂಟು ತಿಂಗಳಿಂದ ಊರಿನದು ಅಂತ ಏನೂ ಕಂಡಿಲ್ಲವಂತೆ.

ಆರ್‌ಟಿಒ ತಡೆದರೆ ಏನು ಹೇಳಬೇಕು ಅಂತ
ಯಜಮಾನರು ಬಾಯಿಪಾಠ ಮಾಡಿಸಿದ್ದರು,
ಸೀಟಿನಡಿ ಫೈಲೂ ಇತ್ತು.
ಇವನಿಗೆ ಕೊಡುವಂಥದ್ದು ಅದರಲ್ಲಿ ಒಂದು ಹಾಳೆಯೂ ಇಲ್ಲ.
"ನಿಲ್ತದೆ," ಅಂದುಬಿಟ್ಟೆ.

ನಕ್ಕ. ಒಂದು ಪ್ಲೇಟು ಬಿಸಿಬಿಸಿ ತಂದುಕೊಟ್ಟ,
ದುಡ್ಡು ಮುಟ್ಟಲಿಲ್ಲ.

ಹೊನ್ನಾಳಿಯಲ್ಲಿ ಚಹಾಕ್ಕೆ ಇಳಿದಾಗ ಕಂಡಿತು:
ಏಳರ ಮೇಲೆ ನಾಲ್ಕು ಬೆರಳು, ಬೆಳ್ಳಗೆ.
ಒರೆಸಲೆಂದು ಬಟ್ಟೆ ಎತ್ತಿಕೊಂಡೆ,
ಮುಂದಿನ ಗಾಜನ್ನಷ್ಟೇ ಒರೆಸಿ
ಗಾಡಿ ಹತ್ತಿದೆ.