ಒಗರು

ಕಾರ್ಕು ತೆಗೆಯುವ ಸಾಮಾನು ನಮ್ಮ ಮೋಟರ್ ಮನೆಯಲ್ಲಿ ಎಲ್ಲಿಂದ ಬರಬೇಕು?
ಬಚ್ಚಣ್ಣ ಮರದ ಸ್ಕ್ರೂ ತಿರುಗಿಸಿ, ಇಕ್ಕಳ ಕಚ್ಚಿಸಿ,
ಔಷಧಿ ಕುಡಿಸುವ ಕರುವನ್ನು ಅದುಮುವ ಹಾಗೆ
ಬಾಟಲಿಯನ್ನು ಮಂಡಿಗಳ ನಡುವೆ ಅದುಮಿ ಎಳೆದ.
ಹೊರಗೆ ಸ್ಕಂದಗಿರಿಯ ನೆತ್ತಿಗೆ ಇನ್ನೂ ಒಂದು ಬೆರಳು ಬಿಸಿಲಿತ್ತು.

ಡ್ರಿಪ್ ಕಂಪನಿಯವರ ಜೊತೆ ಬಂದಿದ್ದ ಇಟಲಿಯ ಹುಡುಗ
ಎರಡು ದಿನ ನಮ್ಮ ಮುದ್ದೆ, ಉಪ್ಸಾರು ಉಂಡು
ಹೊರಡುವಾಗ ಕೈಗಿಟ್ಟದ್ದು.
ಅಪ್ಪ, ಸೋದರತ್ತೆ, ತಾನು; ಮೂರೂವರೆ ಎಕರೆ; ಒಂದು ಕತ್ತೆ, ಎಂದಿದ್ದ.
ಲೇಬಲ್ಲಿನ ಮೇಲೆ ಕೈಯಲ್ಲಿ ಬರೆದ ಅಂಕಿ: ೮೧೨.
ಒಂದೊಂದಕ್ಕೂ ನಂಬರು ಹಾಕುವಷ್ಟು ಕಡಿಮೆ
ನಾವು ಯಾವತ್ತೂ ಏನನ್ನೂ ಬೆಳೆದಿಲ್ಲ.

ಸ್ಟೀಲ್ ಲೋಟದಲ್ಲಿ ಬಣ್ಣ ತಿಳಿಯದೆ ಟಾರ್ಚು ಬಿಟ್ಟೆ.
ನಮ್ಮ ಬ್ಲೂ ದ್ರಾಕ್ಷಿಯ ಶಾಯಿಗಪ್ಪಲ್ಲ,
ತೆಳು ಕೆಂಪು, ಅಂಚಿನಲ್ಲಿ ಇಟ್ಟಿಗೆ;
ಒಗೆದೂ ಒಗೆದೂ ಮೆತ್ತಗಾದ ಸೆರಗು.
ಮೂಸಿದೆ. ಬಾಡಿದ ಗುಲಾಬಿ,
ಹೊಸ ಎಕ್ಕಡ, ಅದರ ಹಿಂದೆ ಇನ್ನೇನೋ:
ಹೆಸರು ಬಾಯಿತನಕ ಬಂದು ನಿಂತುಬಿಟ್ಟಿತು.

"ಸಪ್ಪೆ" ಎಂದ ಬಚ್ಚಣ್ಣ. "ಕಿಕ್ಕೇ ಇಲ್ಲ. ಸಕ್ಕರೆ ಹಾಕೋದು ಮರ್ತವ್ರೆ."

ಅಕ್ಕಯಮ್ಮ ಕುಡಿಯುವವಳಲ್ಲ.
ಇಪ್ಪತ್ತಾರು ವರ್ಷ ನಮ್ಮ ಚಪ್ಪರಕ್ಕೆ ಕತ್ತರಿ ಹಾಕಿದ ಕೈ
ಒಂದು ಬೆರಳು ಅದ್ದಿ ನಾಲಿಗೆಗಿಟ್ಟಿತು.
ದವಡೆ ಒಮ್ಮೆ ಆಡಿಸಿ,
"ಒಗರು" ಎಂದಳು. "ಬಾಳೆಕಾಯಿ ಒಗರಲ್ಲ.
ನೆಲ್ಲಿಕಾಯಿ ಜಗಿದ ಮೇಲೆ ನೀರು ಸಿಹಿಯಾಗ್ತದಲ್ಲ,
ಆ ದಾರೀಲಿ ಬರ್ತದೆ."
ಆಮೇಲೆ, ಸ್ವಲ್ಪ ಹೊತ್ತು ಬಿಟ್ಟು,
"ಗೊಂಚಲು ಕಿತ್ತಾಕವ್ರೆ ಕಣಣ್ಣ. ಹೀಚಿನಾಗೇ. ಅರ್ಧಕ್ಕರ್ಧ."

ಹುಡುಗ ಅದನ್ನೇ ಹೇಳಿದ್ದ.
ನಾನು ಅವಳಿಗೆ ಹೇಳಿರಲಿಲ್ಲ.
ಕೆಜಿಗೆ ಹದಿನೆಂಟರ ಹಾಗೆ ಟೆಂಪೋ ತುಂಬುವವನಿಗೆ
ನೆಲಕ್ಕೆ ಬೀಳಿಸುವ ಕಾಯಿಯ ಮಾತು
ಹುಚ್ಚಿನಂತೆ ಕೇಳಿತ್ತು; ನಕ್ಕಿದ್ದೆ.

ಎರಡನೇ ಗುಟುಕು.
ನಾಲಿಗೆಯ ಅಂಚಿನಲ್ಲಿ ಯಾರೋ ಒಣಬಟ್ಟೆ ಎಳೆದ ಹಾಗೆ,
ಅದರ ಬೆನ್ನಿಗೇ, ಕರೆಯದೆ, ಸಿಹಿ.
ಬಚ್ಚಣ್ಣನ ಪಾಲನ್ನೂ ನಾನೇ ಮುಗಿಸಿದೆ.
ಖಾಲಿ ಬಾಟಲಿಯನ್ನು ಅಕ್ಕಯಮ್ಮ
ಹರಳೆಣ್ಣೆಗೆ ಬೇಕೆಂದು ತೊಳೆದುಕೊಂಡು ಹೋದಳು, ನಂಬರಿನ ಸಮೇತ.

ಬೆಳಿಗ್ಗೆ ಕೊನೆಯ ಸಾಲಿನಲ್ಲಿ
ಒಂದೇ ಒಂದು ಬಳ್ಳಿಯ ಬುಡಕ್ಕೆ
ಹಸಿರು ಗೊಂಚಲುಗಳು ಬಿದ್ದಿದ್ದವು, ಹನ್ನೊಂದು.
ಇರುವೆಯೂ ಮೂಸದಷ್ಟು ಹುಳಿ.
ಕೈಯಲ್ಲೇ ತೂಕ ನೋಡಲು ಬಾಗಿದವನು
ಎದ್ದು
ಆ ಸಾಲಿಗೆ ನೀರು ತಿರುಗಿಸಿದೆ.