ಎಂಬತ್ತೆಂಟು ಮನೆ

ಐವತ್ತೆಂಟು ತುಂಬಿದ ವರ್ಷ, ಜೂನ್ ತಿಂಗಳ ಚಳಿಯಲ್ಲಿ ಮನೆ ಬಿಟ್ಟೆ.
ಡನೀಡನ್ನಿನ ಬೀದಿಗಳು ಗೋಡೆಗೆ ಒರಗಿಸಿದ ಏಣಿಯಂಥವು.
ದೊಡ್ಡ ಪಿಯಾನೋ ಇಳಿಸಲು ಬಂದ ಮೂವರು
ಒಮ್ಮೆ ಅದನ್ನು, ಒಮ್ಮೆ ಇಳಿಜಾರನ್ನು ನೋಡಿ
ಚಹಾ ಕುಡಿದು ಹೊರಟುಹೋದರು.
ಉಳಿಯಿತು ಅದು ಅಲ್ಲೇ, ಅಲಿಸ್ಟರನ ಪಾಲಿಗೆ.
ನುಡಿಸಲು ಬಾರದವನು. ಮುಚ್ಚಳದ ಮೇಲೀಗ
ಕರೆಂಟ್ ಬಿಲ್ಲು, ಕಾರಿನ ಕೀಲಿಕೈ ಇಡುತ್ತಾನಂತೆ.
ಇಟ್ಟುಕೊಳ್ಳಲಿ.

ಹಿತ್ತಾಳೆಯ ಫಲಕ ಮಾತ್ರ ಕಿತ್ತು ತಂದೆ:
‘ಮಿಸೆಸ್ ಕಿನ್‌ರಾಸ್, ಪಿಯಾನೋ ಪಾಠ.’
ಕೆತ್ತಿದ ಹೆಸರು, ಉಜ್ಜಿದರೆ ಹೋಗದು.
ಗಾಳಿಗೆ ಬಡಿಯುವ ಬಾಗಿಲ ಸಂದಿಗೆ ಸಿಕ್ಕಿಸಿದ್ದೇನೆ,
ಅದಕ್ಕೆಂದೇ ಹೇಳಿ ಮಾಡಿಸಿದ ಹಾಗಿದೆ.

‘ಹಾಗಾದರೆ ಇನ್ನು ನಿಮ್ಮನ್ನ ಏನಂತ ಕರೆಯೋದು?’
ಕಾಲು ಪೆಡಲಿಗೆ ಎಟುಕದ, ಒಂಬತ್ತರ ಇಮೊಜೆನ್.
ಮೊರಾಗ್ ಅಂತ ಕರಿ, ಅಂದೆ.
ನಾಲಿಗೆಯ ಮೇಲೆ ಒಮ್ಮೆ ಹೊರಳಿಸಿ ರುಚಿ ನೋಡಿ
‘ಮಿಸೆಸ್ ಮೊರಾಗ್’ ಎಂದಳು.
ಅಲ್ಲಿಗೆ ರಾಜಿಯಾಯಿತು.

ಹೊಸ ಕೋಣೆ ಲಾಂಡ್ರಿಯ ಮೇಲಿದೆ.
ಊರ ಕೊಳೆಯೆಲ್ಲ ಕೆಳಗೆ ಗಿರಗಿರ ತಿರುಗುವಾಗ
ನನ್ನ ನೆಲ ಸಣ್ಣಗೆ ನಡುಗುತ್ತದೆ.
ನಾಲ್ಕನೇ ಯಂತ್ರ ಹಿಂಡತೊಡಗಿದರೆ ಅದರ ಲಯ
ಒಂದು-ಎರಡು-ಮೂರು, ಒಂದು-ಎರಡು-ಮೂರು, ಕೂದಲೆಳೆ ತಪ್ಪದು;
ಮೆಟ್ರೋನೋಮಿಗೆ ಕೀಲಿ ಕೊಡುವುದನ್ನೇ ಬಿಟ್ಟೆ.
ಈ ವರ್ಷದ ಲಾಭದಲ್ಲಿ ಇದನ್ನೂ ಬರೆದುಕೊಂಡಿದ್ದೇನೆ,
ಸಾಬೂನು ವಾಸನೆಯ ಈ ವಾಲ್ಟ್ಸನ್ನು.
ಮತ್ತೆ, ಶನಿವಾರದ ಸಂತೆಯಲ್ಲಿ ಸಿಕ್ಕಿದ,
ಯಾರದೋ ಅಜ್ಜಿ ಹೊಲಿದ ಪೀಠದ ಮೆತ್ತೆ;
ಎಡಗೈ ಒಂದಕ್ಕೇ ಬರೆದ ಹರಕು ಪುಸ್ತಕ, ಎರಡು ಡಾಲರಿಗೆ.
ಬಲಗೈಯ ಉಂಗುರಬೆರಳು ಎರಡು ವರ್ಷದಿಂದ ಮಡಚಲೊಲ್ಲದು,
ಅದನ್ನು ಯಾರಿಗೂ ಹೇಳಿರಲಿಲ್ಲ.
ಪುಸ್ತಕಕ್ಕೆ ಹೇಗೋ ಗೊತ್ತಾಗಿತ್ತು.

ಪಿಯಾನೋ ಬಂದದ್ದು ಪೋರ್ಟ್ ಚಾಮರ್ಸಿನ ಮುಚ್ಚಿಹೋದ ಚರ್ಚಿನಿಂದ.
ಒಯ್ದರೆ ಸಾಕೆಂದು ಬಿಟ್ಟಿ ಕೊಟ್ಟರು.
ಗೋಡೆಗಾನಿ ನಿಂತ, ಬೆನ್ನು ಬಾಗದ ಮುದುಕಿ.
ಬಿಳಿಯವು ಐವತ್ತೆರಡು, ಕರಿಯವು ಮೂವತ್ತಾರು:
ಒಂದು ಮನೆ ಬಿಟ್ಟವಳಿಗೆ ಎಂಬತ್ತೆಂಟು ಮನೆ!
ಒಂದರಲ್ಲಿ ಮಾತ್ರ ಯಾರೂ ಇರಲಿಲ್ಲ.
ನಡುವಿನ ಎಫ್. ಒತ್ತಿದರೆ ಮರದ ಟಕ್, ಅಷ್ಟೇ.
ಕಾಸು ಕೂಡುವವರೆಗೆ ಬಾಯಲ್ಲೇ ಹಾಡಿ ತುಂಬಿ, ಎಂದೆ ಮಕ್ಕಳಿಗೆ.
ಏಳು ತಿಂಗಳು ತುಂಬಿದರು, ನೆಗಡಿಯಲ್ಲೂ.

ವಿಲಿಸೋನಿಯೂ ತುಂಬಿದ. ಎಪ್ಪತ್ತೊಂದರ ಶಿಷ್ಯ,
ಬಂದರಿನ ಕ್ರೇನು ಮೂವತ್ತು ವರ್ಷ ನಡೆಸಿದವನು,
ಲಾರಿಯಷ್ಟು ದೊಡ್ಡ ಪೆಟ್ಟಿಗೆಯನ್ನು ಹಡಗಿನ ಮೇಲೆ
ಮೊಟ್ಟೆ ಇಟ್ಟ ಹಾಗೆ ಇಡುತ್ತಿದ್ದವನು
ಕರಿಮನೆ ಎಂದರೆ ಬೆವರುತ್ತಾನೆ.
‘ತೀರಾ ಕಿರಿದು, ಟೀಚರ್. ಲೆಕ್ಕ ಹಾಕೋಣವೆಂದರೆ ಗಾಳಿಯೂ ಇಲ್ಲ.’

ಕಳೆದ ವಾರ ಶ್ರುತಿ ಮಾಡುವ ಹೇಮಿ ಬಂದ.
ಮುಂಬಲಗೆ ಕಳಚಿ, ಟಾರ್ಚನ್ನು ಹಲ್ಲಲ್ಲಿ ಕಚ್ಚಿ,
ಒಂದೊಂದೇ ಹೆಕ್ಕಿ ಪೇಪರಿನ ಮೇಲಿಟ್ಟ:
ತುಕ್ಕು ಹಿಡಿದ ಹೇರ್‌ಪಿನ್ನುಗಳು, ಮೂರು ಪೆನ್ನಿಯ ನಾಣ್ಯ,
ಕೋಟಿನ ಗುಂಡಿ, ಯಾವ ಮಗುವಿನದೋ ಹಾಲುಹಲ್ಲು,
ಕೊನೆಗೆ, ಎಫ್‌ನ ಗಂಟಲಲ್ಲಿ ಅಡ್ಡ ಸಿಕ್ಕಿದ್ದ ಪೆನ್ಸಿಲ್ ತುಂಡು,
ಹಿಂತುದಿ ಕಚ್ಚಿ ಕಚ್ಚಿ ನಾರಾದದ್ದು.
ಯಾರೋ ನನ್ನಂಥವಳು, ಬೆರಳಂಕೆ ಗುರುತಿಸುತ್ತ ಕೂತಿದ್ದು,
ಬಾಗಿಲು ಬಡಿದ ಸದ್ದಿಗೆ ಕೈಬಿಟ್ಟಿರಬೇಕು.

ಹೆರೆದು ನೋಡಿದೆ. ಇನ್ನೂ ಬರೆಯುತ್ತದೆ.

‘ಅದು ನನ್ನ ಸ್ವರ ಆಗಿತ್ತು’ ಎಂದು ಮುನಿಸಿಕೊಂಡಳು ಇಮೊಜೆನ್.
ವಿಲಿಸೋನಿ ಏನೂ ಅನ್ನಲಿಲ್ಲ. ನಾಲ್ಕನೇ ಸಾಲಿಗೆ ಬಂದ,
ದಪ್ಪ ಬೆರಳನ್ನು ಎಫ್ ಮೇಲೆ ಮೆಲ್ಲಗೆ ಇಳಿಸಿದ,
ತಂತಿ ನುಡಿಯಿತು; ರೂಢಿಯಂತೆ
ಅವನೂ ನುಡಿದ, ಶ್ರುತಿಗಿಂತ ಚೂರು ಕೆಳಗೆ.
ತಿದ್ದಲೆಂದು ಪೆನ್ಸಿಲ್ ಎತ್ತಿಕೊಂಡೆ.
ಕೆಳಗೆ ನಾಲ್ಕನೇ ಯಂತ್ರ ಹಿಂಡತೊಡಗಿತ್ತು.
ಪುಟದಂಚಿನಲ್ಲಿ ಬರೆದೆ:
ಇಲ್ಲಿ ಬಾಯಿಯೂ ಇರಲಿ.